ಬೆನ್ನ ಹಿಂದೆ ಓಡಿದವಳು

ಆ ವಿಡಿಯೊ ತೋರಿಸಿದ್ದು ಸೌಮ್ಯಶ್ರೀ. ಬಸವೇಶ್ವರನಗರದ ನಮ್ಮ ಕಾಲೇಜಿಗೆ ಈ ವರ್ಷವಷ್ಟೇ ಉಪನ್ಯಾಸಕಿಯಾಗಿ ಸೇರಿದ್ದ ಅವಳಿಗೆ ನನ್ನ ಹಿಂದಿನ ಬದುಕು ಗೊತ್ತಿರಲಿಲ್ಲ.

"ಸುಮಾ ಮೇಡಂ, ನೀವೂ ಓಡ್ತೀರಲ್ಲ, ಇದನ್ನ ನೋಡಿ. ಎಂಥಾ ಅಪ್ಪ ಅಂತೀನಿ! ಕಣ್ಣಲ್ಲಿ ನೀರು ಬಂತು ನಂಗೆ."

ಫೋನಿನಲ್ಲಿ ನಾಗಭೂಷಣ್ ಮಾತಾಡುತ್ತಿದ್ದ. ನನ್ನ ಗಂಡನಾಗಿದ್ದವನು. ಹೊಟ್ಟೆ ಸ್ವಲ್ಪ ಕರಗಿತ್ತು, ಗಡ್ಡ ಬಿಟ್ಟಿದ್ದ. ಟೀ ಶರ್ಟಿನ ಎದೆಯ ಮೇಲೆ ನಮ್ಮ ಮಗಳು ಸ್ಪಂದನಳ ಫೋಟೊ. ಮಕ್ಕಳ ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿಗಾಗಿ ಮ್ಯಾರಥಾನ್ ಓಡುತ್ತೇನೆ, ಪೂರ್ತಿ ಓಡಿ ಮುಗಿಸಿದರೆ ರಾಜಾಜಿನಗರದ ವ್ಯಾಪಾರಿ ಗೆಳೆಯರು ವಾರ್ಡಿಗೆ ಹೊಸ ಹಾಸಿಗೆಗಳನ್ನು ಕೊಡಿಸುತ್ತಾರೆ ಎಂದ. ಆಮೇಲೆ ದನಿ ತಗ್ಗಿಸಿದ. "ನನ್ನ ಮಗಳು ಹೋಗೋ ಮುಂಚೆ, ಪ್ರತಿ ರಾತ್ರಿ ಅವಳ ಕೈ ಹಿಡ್ಕೊಂಡು ಕೂತಿರ್ತಿದ್ದೆ."

ಫೋನು ವಾಪಸು ಕೊಟ್ಟೆ. "ಚೆನ್ನಾಗಿ ಮಾತಾಡ್ತಾರೆ," ಎಂದೆ.

ಕೈ ಹಿಡಿದು ಕೂತಿದ್ದವಳು ನಾನು. ಅವನು ವಾರ್ಡಿಗೆ ಬಂದದ್ದು ಮೊದಲ ವಾರ ಮಾತ್ರ. ಆಸ್ಪತ್ರೆಯ ವಾಸನೆ ತಲೆಗೆ ಹತ್ತುತ್ತದೆ ಎನ್ನುತ್ತಿದ್ದ. ಒಂದು ಸಂಜೆ ಕಾಫಿ ತರುತ್ತೇನೆಂದು ಎದ್ದು ಹೋದವನು ತಿರುಗಿ ಬರಲೇ ಇಲ್ಲ. ಫೋನ್ ಮಾಡಿ "ಯಾವಾಗ ಬರ್ತೀರಾ? ಕೇಳ್ತಾನೇ ಇದಾಳೆ" ಅಂದರೆ, "ನಾಳೆ ನೋಡ್ತೀನಿ ಕಣೇ, ನನ್ ಕೈಲಿ ಆಗ್ತಿಲ್ಲ" ಅನ್ನುತ್ತಿದ್ದ. ಬಾಗಿಲ ಕಡೆ ಮುಖ ಮಾಡಿ ಮಲಗುವುದನ್ನು ಸ್ಪಂದನ ಕೊನೆಯವರೆಗೂ ಬಿಡಲಿಲ್ಲ. ಆರು ವರ್ಷದ ಮಗು. ಅವನು ಬಂದದ್ದು ಮಣ್ಣು ಮಾಡುವ ಹೊತ್ತಿಗೆ. ಎಲ್ಲರಿಗಿಂತ ಜೋರಾಗಿ ಅತ್ತ.

ಆಮೇಲೆ ನಾನು ಓಡತೊಡಗಿದೆ, ಮಲ್ಲತ್ತಹಳ್ಳಿ ಕೆರೆಯ ಸುತ್ತ, ದಿನಾ ಬೆಳಿಗ್ಗೆ. ಓಡುತ್ತಿರುವವರಿಗೆ ಯಾರೂ ಸಮಾಧಾನ ಹೇಳಲು ಬರುವುದಿಲ್ಲ. ಆ ಮೌನದಲ್ಲಿ ವರ್ಷಗಳು ಕಳೆದವು. ಸಿಟ್ಟು ಸತ್ತಿದೆ ಅಂದುಕೊಂಡಿದ್ದೆ. ಅದು ಇಷ್ಟು ದಿನ ಕಾಲು ಗಟ್ಟಿ ಮಾಡಿಕೊಳ್ಳುತ್ತಿತ್ತು ಅಷ್ಟೇ.

ಆ ಸಂಜೆಯೇ ಮ್ಯಾರಥಾನಿಗೆ ನಾನೂ ಹೆಸರು ಕೊಟ್ಟೆ.

ದೂರ ಓಡುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ಹೊಸಬನ ಬೆನ್ನಿಗೆ ಅಂಟಿಕೊಂಡು ಯಾರಾದರೂ ಓಡಿದರೆ, ಆ ಹೆಜ್ಜೆ ಸದ್ದಿಗೆ ಅವನು ತನಗೇ ತಿಳಿಯದೆ ವೇಗ ಹೆಚ್ಚಿಸುತ್ತಾನೆ. ಮೊದಲರ್ಧದಲ್ಲೇ ಶಕ್ತಿ ಸುರಿದುಬಿಟ್ಟವನು ಕೊನೆ ಮುಟ್ಟುವುದಿಲ್ಲ. ಮೈ ಮುಟ್ಟಬೇಕಿಲ್ಲ, ಬಾಯಿ ಬಿಡಬೇಕಿಲ್ಲ. ನನ್ನ ಮಗಳ ಮುಖವನ್ನು ಎದೆಯ ಮೇಲಿಟ್ಟುಕೊಂಡು ಅವನು ಗೆರೆ ದಾಟಬಾರದು, ನನಗೆ ಬೇಕಿದ್ದದ್ದು ಇಷ್ಟೇ. ಹಾಸಿಗೆಗಳು ನೆನಪಾಗಲಿಲ್ಲವೆಂದಲ್ಲ. ಆ ವಾರ್ಡಿನಲ್ಲಿ ಒಂದೇ ಹಾಸಿಗೆಯ ಮೇಲೆ ಇಬ್ಬರು ಮಕ್ಕಳು ಒಬ್ಬರ ಕಾಲ ಬಳಿ ಒಬ್ಬರು ತಲೆಯಿಟ್ಟು ಮಲಗಿದ್ದನ್ನು ಕಂಡವಳು ನಾನು. ಅದು ಗೊತ್ತಿದ್ದೂ ಹೋದೆ.

ಕೆಂಗೇರಿಯಲ್ಲಿ ಓಟ ಶುರುವಾದಾಗ ಇನ್ನೂ ಬೆಳಕು ಹರಿದಿರಲಿಲ್ಲ. ವಿಜಯನಗರ, ರಾಜಾಜಿನಗರ ಸುತ್ತಿ, ಮಲ್ಲತ್ತಹಳ್ಳಿ ಮೇಲೆ ಮತ್ತೆ ಕೆಂಗೇರಿಗೇ ಬರುವ ದಾರಿ. ನಾಗಭೂಷಣ್ ಗೆಳೆಯರ ನಡುವೆ ನಿಂತು ನಗುತ್ತಿದ್ದ.

"ಗುರೂ, ಅರ್ಧಕ್ಕೆ ಬಿದ್ರೆ ಆ ಹಾಸಿಗೆ ನಿಂಗೇ ಬೇಕಾಗುತ್ತೆ ನೋಡು!" ಎಂದು ಒಬ್ಬ ರೇಗಿಸಿದ.

"ಹೋಗಲೇ, ನೀನು ಪರ್ಸ್ ರೆಡಿ ಇಟ್ಕೊ," ಎಂದ ಇವನು.

ಎರಡು ಮಾರು ಬಿಟ್ಟು ನಾನು ಅವನ ಹಿಂದೆ ಹೊರಟೆ.

ಮೈಸೂರು ರಸ್ತೆಯ ಮೆಟ್ರೊ ಕಂಬಗಳ ಕೆಳಗೆ ಆ ಹೊತ್ತಿನಲ್ಲಿ ಹೆಜ್ಜೆ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ನಾಯಂಡಹಳ್ಳಿ ಹತ್ತಿರ ಅವನು ತಿರುಗಿ ನೋಡಿದ. ಮುಂದೆ ನೋಡಿ ಮತ್ತೆ ತಿರುಗಿದ.

"ಸುಮಾ?"

ನಾನು ಅವನನ್ನೇ ನೋಡುತ್ತಾ ಓಡಿದೆ.

"ನೀನೂ ಓಡ್ತೀಯಾ? ಗೊತ್ತೇ ಇರ್ಲಿಲ್ಲ ನಂಗೆ. ಹೇಳ್ಬೇಕಿತ್ತು ಕಣೇ, ಒಟ್ಟಿಗೆ..."

ಅವನು ವೇಗ ಹೆಚ್ಚಿಸಿದ, ನಾನೂ ಹೆಚ್ಚಿಸಿದೆ. ವಿಜಯನಗರದಲ್ಲಿ ನಿಧಾನ ಮಾಡಿ ನನ್ನನ್ನು ಮುಂದೆ ಬಿಡಲು ನೋಡಿದ. ನಾನೂ ನಿಧಾನವಾದೆ. "ಏನ್ ಬೇಕು ನಿಂಗೆ? ಬಾಯಿ ಬಿಟ್ಟು ಹೇಳು!" ಎಂದ. ಮತ್ತೆ ದೌಡಾಯಿಸಿದ. ರಾಜಾಜಿನಗರದಲ್ಲಿ ಅವನ ವ್ಯಾಪಾರದ ಕಡೆಯವರು ರಸ್ತೆ ಬದಿ ನಿಂತು ಸ್ಪಂದನಳ ಹೆಸರು ಕೂಗಿದರು. ಅವನಿಗೆ ಕೈ ಎತ್ತಲೂ ಆಗಲಿಲ್ಲ. ಅವರ ಪಾಲಿಗೆ ನಾನು ಹಿಂದೆ ಬರುತ್ತಿದ್ದ ಯಾರೋ ಆಂಟಿ.

ನಾಗರಭಾವಿ ದಾಟುವಾಗ ಅವನ ಕಾಲು ಎಳೆಯತೊಡಗಿತು. ಬೆವರು ಒಣಗಿ ಕೆನ್ನೆಯ ಮೇಲೆ ಉಪ್ಪು ಬೆಳ್ಳಗೆ ಕಾಣುತ್ತಿತ್ತು. ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಮೀನಖಂಡ ಹಿಡಿದುಕೊಂಡು ಚೀರಿ, ಫುಟ್‌ಪಾತಿನ ಮೇಲೆ ಕೂತುಬಿಟ್ಟ.

ನಾನು ಗೆದ್ದಿದ್ದೆ. ಎದುರಿಗೆ ನಿಂತು, ಸಂತೋಷ ಬರಲಿ ಎಂದು ಕಾದೆ.

ಅವನು ಅಡ್ಡರಸ್ತೆಯಿಂದ ಬಂದ ಆಟೊಗೆ ಕೈ ಅಡ್ಡ ಹಿಡಿದ. "ಅಣ್ಣ, ರಾಜಾಜಿನಗರ ಬರ್ತೀರಾ? ಡಬಲ್ ಕೊಡ್ತೀನಿ."

ಆಟೊದವರು ಅವನ ಎದೆಗೆ ಚುಚ್ಚಿದ್ದ ನಂಬರು ನೋಡಿದರು. "ಏನ್ ಸಾರ್, ದುಡ್ ಕೊಟ್ಟು ಓಡಕ್ ಬಂದು, ಮತ್ತೆ ದುಡ್ ಕೊಟ್ಟು ಆಟೊ ಹತ್ತೀರಾ? ಹತ್ತಿ ಹತ್ತಿ."

"ನನ್ ಕೈಲಿ ಆಗ್ತಿಲ್ಲ ಅಣ್ಣ."

ಅವನ ಮುಖದಲ್ಲಿ ನೋವಿನ ಜೊತೆಗೇ ಒಂದು ನಿರಾಳವಿತ್ತು. ಕಾಫಿ ತರಲು ಎದ್ದ ಸಂಜೆಯೂ ಆ ಮುಖ ಹೀಗೇ ಇತ್ತು. ಬೆಳಗಿನಿಂದ ಇಷ್ಟು ಕಷ್ಟಪಟ್ಟು ನಾನು ಅವನಿಗೆ ಒದಗಿಸಿದ್ದೇನು? ಎದ್ದು ಹೋಗಲು ಇನ್ನೊಂದು ನೆಪ. ಮಗಳಿಗಾಗಿ ಕಾಲು ಸೋತು ಬೀಳುವವರೆಗೆ ಓಡಿದೆ ಎಂದು ನಾಳೆ ಇನ್ನೊಂದು ವಿಡಿಯೊ ಮಾಡುತ್ತಾನೆ. ಜನ ಕಣ್ಣೀರು ಹಾಕುತ್ತಾರೆ.

ನಾನು ಆಟೊಗೂ ಅವನಿಗೂ ನಡುವೆ ನಿಂತೆ. "ನೀವು ಹೊರಡಿ ಅಣ್ಣ. ಇವನು ಬರಲ್ಲ."

"ಏಯ್, ನೀನ್ಯಾರೇ ಹೇಳೋಕೆ?"

"ಏಳು."

"ಕಾಲು ಹಿಡ್ಕೊಂಡಿದೆ ಸುಮಾ. ಸತ್ತೇ ಹೋಗ್ತೀನಿ."

"ಸಾಯಲ್ಲ. ಸಾಯೋದು ಹೇಗಿರುತ್ತೆ ಅಂತ ನೋಡಿದೀನಿ ನಾನು. ನೀನು ನೋಡಿಲ್ಲ. ಏಳು."

"ಗಂಡ ಹೆಂಡ್ತಿ ಜಗಳಕ್ಕೆ ನಾನ್ ಬರಲ್ಲಪ್ಪ," ಎಂದು ಆಟೊದವರು ಹೊರಟುಹೋದರು.

ಅಲ್ಲಿಂದ ಕೆಂಗೇರಿಯವರೆಗೆ ಅವನನ್ನು ದನ ಅಟ್ಟಿದಂತೆ ಅಟ್ಟಿಕೊಂಡು ಹೋದೆ. ಕುಂಟಿದ, ಮೋರಿಯ ಪಕ್ಕ ವಾಂತಿ ಮಾಡಿದ. ಕೂರಲು ನೋಡಿದಾಗಲೆಲ್ಲ "ಏಳು" ಎಂದೆ. ನೀರು ಕೇಳಿದರೆ ಕೊಟ್ಟೆ. ಅವನು ಬಿದ್ದುಹೋಗುವುದು ಈಗ ನನಗೆ ಬೇಕಿರಲಿಲ್ಲ. ಉಳ್ಳಾಲದ ಏರಿನಲ್ಲಿ, "ತಪ್ಪಾಯ್ತು ಕಣೇ, ಬಿಟ್ಬಿಡು ನನ್ನ," ಎಂದು ಅತ್ತ. ಈ ಅಳುವಿಗೆ ಸದ್ದಿರಲಿಲ್ಲ. ಆದರೂ ಬಿಡಲಿಲ್ಲ. ಇರಬೇಕಾದಲ್ಲಿ ಕೊನೆಯವರೆಗೆ ಇರುವುದೆಂದರೆ ಏನೆಂದು ಅವನ ಮೈಗಾದರೂ ಗೊತ್ತಾಗಲಿ.

ಗೆರೆ ದಾಟಿದಾಗ ಬಿಸಿಲೇರಿತ್ತು. ಗೆಳೆಯರು ಅವನನ್ನು ತಬ್ಬಿ ಹಿಡಿದರು. ಹಾಸಿಗೆಗಳು ಬಂದಂತಾಯಿತು. ಮೈಕ್ ಹಿಡಿದ ನಿರೂಪಕಿ ಜನರನ್ನು ಸರಿಸಿಕೊಂಡು ಬಂದಳು.

"ಸಾರ್, ಕಂಗ್ರಾಟ್ಸ್! ನಿಮ್ಮ ವಿಡಿಯೊ ನೋಡಿ ಅಳದೇ ಇರೋರಿಲ್ಲ. ಕೊನೇ ದಿನ ಮಗಳು ನಿಮ್ ಕೈ ಹಿಡ್ಕೊಂಡು ಏನ್ ಹೇಳಿದ್ಲು ಸಾರ್? ಎರಡೇ ಮಾತು."

ಸುತ್ತಲಿದ್ದವರು ಫೋನುಗಳನ್ನು ಎತ್ತಿ ಹಿಡಿದರು. ಅವನು ಬಾಯಿ ತೆರೆದ. ಮೈಕಿನಲ್ಲಿ ಏದುಸಿರು ಮಾತ್ರ ಕೇಳಿಸಿತು. ಅವನ ಕಣ್ಣು ಗುಂಪಿನಲ್ಲಿ ನನ್ನನ್ನು ಹುಡುಕಿ, ಸಿಕ್ಕ ಮೇಲೆ ಕದಲಲಿಲ್ಲ.

ಸ್ಪಂದನ ಏನು ಹೇಳಿದಳೆಂದು ನನಗೆ ಗೊತ್ತು. ಬಾಗಿಲ ಕಡೆ ನೋಡುತ್ತಾ ಅವನನ್ನೇ ಕೇಳಿದ್ದಳು. ನಾನು ಅವನನ್ನೇ ನೋಡುತ್ತಾ, ತುಟಿ ಬಿಗಿದು ನಿಂತೆ.

"ಸಾರ್?" ಎಂದಳು ನಿರೂಪಕಿ.