ರಾಜನಾಗಲು ಮೀಸೆ ತೆಗೆದ ಮಂತ್ರಿ

ಈ ಕತೆಯನ್ನು ಮೊದಲು ಹೇಳಿದವನು ನಾಟಕ ಕಂಪನಿಯಲ್ಲಿ ನಟರ ಮುಖಕ್ಕೆ ಬಣ್ಣ ಹಚ್ಚುತ್ತಿದ್ದ ಮುದುಕ. ಹೇಳಿದ್ದು, ಕಂಪನಿ ಕೊನೆಯ ಪರದೆ ಇಳಿಸಿ ಕೆಲವು ವರ್ಷಗಳಾದ ಮೇಲೆ, ಒಂದು ಬೇಸಿಗೆಯ ಸಂಜೆ, ಹಳೆಯ ಸಂಗಡಿಗರು ಅವನ ಬಾಗಿಲ ಮುಂದಿನ ಮೆಟ್ಟಿಲುಗಳ ಮೇಲೆ ಕೂಡಿದ್ದಾಗ. ಕತೆಯ ನಾಯಕ ಅವನ ಮನೆಯ ಮೇಲಿನ ಮಹಡಿಯಲ್ಲೇ ಇದ್ದವನು.

ಆ ಮಹಡಿಯವನನ್ನು ಎಲ್ಲರೂ ಮಂತ್ರಿ ಎಂದೇ ಕರೆಯುತ್ತಿದ್ದರು. ಕಂಪನಿಯಲ್ಲಿ ಬಣ್ಣ ಹಚ್ಚಿದ ದಿನದಿಂದ ಬಣ್ಣ ಒರೆಸಿದ ದಿನದವರೆಗೆ ಅವನು ಸಿಂಹಾಸನದ ಪಕ್ಕದಲ್ಲಿ ನಿಂತವನೇ ಹೊರತು ಅದರ ಮೇಲೆ ಕೂತವನಲ್ಲ. ರಾಜನ ಪಾತ್ರಕ್ಕೆ ಆ ಕಂಪನಿಯಲ್ಲೊಂದು ಕಟ್ಟುಪಾಡಿತ್ತು. ಎಂಥ ಮೀಸೆ ಇದ್ದವನಾದರೂ ಅದನ್ನು ನುಣ್ಣಗೆ ಬೋಳಿಸಿ, ಕೊನೆಯ ಸಾಲಿನವರಿಗೂ ಕಾಣುವಂಥ ಅಗಲದ ಮೀಸೆ ಅಂಟಿಸಿಕೊಳ್ಳಬೇಕು. ಮಂತ್ರಿಗಾದರೆ ಸ್ವಂತ ಮೀಸೆಯೇ ಸಾಕು. ಹಾಗಾಗಿ ಅವನ ಮೀಸೆಗೆ ಕತ್ತಿ ತಗುಲಿದ್ದೇ ಇಲ್ಲ. ದಟ್ಟವಾಗಿ, ತುದಿ ತಿರುವಿಕೊಂಡು, ಮುಖಕ್ಕಿಂತ ಮುಂಚೆ ಅದೇ ಕಣ್ಣಿಗೆ ಬೀಳುತ್ತಿತ್ತು.

ಆ ಮೀಸೆಯ ಮೇಲೆಯೇ ಅವನ ಸಂಸಾರ ನಿಂತಿತ್ತು. ಹೆಂಡತಿಗೆ ಮರೆವಿನ ರೋಗ. ಹೆತ್ತ ಮಕ್ಕಳ ಹೆಸರು ಹೋಗಿತ್ತು, ಅಡಿಗೆಮನೆಯ ದಾರಿ ಹೋಗಿತ್ತು, ತನ್ನನ್ನು ನೋಡಿಕೊಳ್ಳಲು ಬಂದಿದ್ದ ಸ್ವಂತ ತಂಗಿಯನ್ನೇ "ಯಾರಮ್ಮ ನೀನು" ಎನ್ನುತ್ತಿದ್ದಳು. ಗಂಡ ಎದುರು ಬಂದಾಗ ಮಾತ್ರ ಬೆರಳಿನಿಂದ ಅವನ ಮೀಸೆಯನ್ನು ಈ ತುದಿಯಿಂದ ಆ ತುದಿಗೆ ಸವರಿ, "ರೀ, ಬಂದ್ರಾ?" ಎನ್ನುವಳು. ಅದೊಂದು ಮಾತಿಗಾಗಿ ಮಂತ್ರಿ ಹೊರಗೆ ಹೋಗುವುದು, ಅದೊಂದು ಮಾತಿಗಾಗಿಯೇ ತಿರುಗಿ ಬರುವುದು.

ಹೀಗಿರಲು ಒಂದು ಬೀಗದ ಕಂಪನಿಯ ಜಾಹೀರಾತಿಗೆ ರಾಜನಾಗಿ ಕೂರಬೇಕೆಂದು ಕರೆ ಬಂತು. ಯಾರೋ ಅವನ ಹಳೆಯ ಚಿತ್ರ ನೋಡಿ ಮೆಚ್ಚಿದ್ದರಂತೆ. ಜಾಹೀರಾತಿನ ಬೋರ್ಡು ಏಳುವುದು ಎಲ್ಲಿ? ಅವನ ಮನೆಯ ಕಿಟಕಿಗೆ ನೇರ ಎದುರಿನ ಕಟ್ಟಡದ ಮೇಲೆ! ಮಂತ್ರಿಯ ಕಾಲು ನೆಲಕ್ಕೆ ತಾಗಲಿಲ್ಲ.

"ನೋಡಮ್ಮ, ನಾನು ಹೊರಗೆ ಹೋದ್ರೂ ಇವಳ ಕಣ್ಣೆದುರಿಗೇ ಇರ್ತೀನಿ," ಎಂದ ನಾದಿನಿಗೆ.

"ಅಕ್ಕ ಯಾವಾಗ್ಲೂ ಕೇಳ್ತಿದ್ಲಲ್ಲ ಭಾವ, ನೀವು ರಾಜ ಆಗೋದು ಯಾವತ್ತು ಅಂತ."

ಚಿತ್ರ ತೆಗೆಯುವ ದಿನ ಹೆಂಡತಿ ಏಳುವ ಮುಂಚೆಯೇ ಅವನು ಕನ್ನಡಿಯ ಮುಂದೆ ನಿಂತು, ನಾಟಕ ಕಂಪನಿಯ ರಾಜರು ಮಾಡುತ್ತಿದ್ದಂತೆಯೇ, ಮೀಸೆಯನ್ನು ನುಣ್ಣಗೆ ತೆಗೆದ. ಮತ್ತೆ ಬೆಳೆಯುವವರೆಗೆ ಅಂಟಿಸಿದ ಮೀಸೆಯಲ್ಲೇ ಮನೆಗೆ ಬಂದರಾಯಿತು ಎಂಬುದು ಅವನ ಲೆಕ್ಕ.

ಸ್ಟುಡಿಯೋದಲ್ಲಿ ಅಂದು ಬಣ್ಣಕ್ಕೆ ಬಂದಿದ್ದವನೂ ಇದೇ ಕೆಳಮನೆಯ ಮುದುಕನೇ.

"ಏನಯ್ಯಾ ಮಂತ್ರಿ, ಮುಖ ಎಲ್ಲಿ ಬಿಟ್ಟು ಬಂದೆ?"

"ರಾಜನ ಮೀಸೆಗೆ ಜಾಗ ಮಾಡ್ಕೊಂಡು ಬಂದಿದೀನಿ ಕಣಯ್ಯ. ಅಂಟಿಸು, ಕೈ ನಡುಗದ ಹಾಗೆ."

ಮುದುಕ ಅಂಟಿಸಿದ. ಜರಿಯ ನಿಲುವಂಗಿ, ಕಾಗದದ ಕಿರೀಟ, ಹಿಂದೆ ಬಟ್ಟೆಯ ಮೇಲೆ ಬರೆದ ಅರಮನೆ, ತೊಡೆಯ ಮೇಲೆ ಕೂಸಿನಷ್ಟು ದೊಡ್ಡ ಬೀಗ. ಮಂತ್ರಿ ಸಿಂಹಾಸನದ ಮೇಲೆ ಕೂತ. ಕೂತ ಕೂಡಲೇ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಫೋಟೋಗ್ರಾಫರ್ ಒಂದು ಚಿತ್ರ ತೆಗೆದು, ಪಕ್ಕದ ಪರದೆಯ ಮೇಲೆ ಅದನ್ನು ದೊಡ್ಡದು ಮಾಡಿ ನೋಡಿದ. ತುಟಿಯ ಮೇಲೆ ಅಂಟು ಮಿನುಗುತ್ತಿತ್ತು. ಮೀಸೆಯ ಕೂದಲು ಕೂರಿಸಿದ್ದ ಜಾಲರಿಬಟ್ಟೆಯ ಅಂಚು ಗಾಯದ ಪಟ್ಟಿಯಂತೆ ಎದ್ದು ಕಾಣುತ್ತಿತ್ತು.

"ಇದೇನ್ ಸರ್ ಇದು? ನಿಮ್ಮ ಮೀಸೆ ಎಲ್ಲಿ?"

"ತೆಗೆದೆನಪ್ಪ. ರಾಜನ ಪಾತ್ರ ಅಲ್ವಾ?"

"ನಿಮ್ಮನ್ನ ಕರೆದಿದ್ದೇ ಆ ಮೀಸೆಗೆ, ಸರ್! ಇದು ನಾಟಕ ಅಲ್ಲ, ಕ್ಯಾಮೆರಾ. ಕೂದಲು ಕೂದಲೂ ಕಾಣುತ್ತೆ."

ಮೂಲೆಯಲ್ಲಿ ಯಾರೋ ನಕ್ಕರು. "ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರೆ. ಇವರು ಬೀಳೋ ಮುಂಚೇನೇ ಮೀಸೆ ತೆಗೆದಿಟ್ಟಿದಾರೆ!"

ಮತ್ತೊಬ್ಬ ನಟನನ್ನು ಹುಡುಕುವಷ್ಟು ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ಸಾಮಾನು ತಂದ ವ್ಯಾನಿನ ಡ್ರೈವರ್ ಬಾಗಿಲ ಬಳಿ ಚಹಾ ಕುಡಿಯುತ್ತ ನಿಂತಿದ್ದ. ಅವನಿಗೂ ಮೀಸೆಯಿತ್ತು, ದಟ್ಟವಾಗಿ, ತುದಿ ತಿರುವಿದ್ದು. ಫೋಟೋಗ್ರಾಫರನ ಕಣ್ಣು ಅಲ್ಲಿಗೆ ಹೋದದ್ದನ್ನು ಮಂತ್ರಿ ಎಲ್ಲರಿಗಿಂತ ಮೊದಲು ಕಂಡ. ಯಾರೂ ಹೇಳುವ ಮುನ್ನವೇ ಎದ್ದು ಕಿರೀಟ ತೆಗೆದ.

"ಅಣ್ಣಾ, ನಂಗೆ ಅದರ ಮೇಲೆ ಕೂರೋಕೇ ನಾಚಿಕೆ ಆಗುತ್ತೆ," ಎಂದ ಡ್ರೈವರ್.

"ಬೆನ್ನು ಒರಗಿಸಬೇಡ ತಮ್ಮ. ರಾಜ ಒರಗಲ್ಲ," ಎಂದು ಮಂತ್ರಿ ಅವನ ತಲೆಗೆ ಕಿರೀಟವಿಟ್ಟ.

ಬರಿತುಟಿಯಲ್ಲಿ, ಕೈಗೊಂದು ಈಟಿ ಕೊಟ್ಟು, ಮಂತ್ರಿಯನ್ನು ಸಿಂಹಾಸನದ ಪಕ್ಕದಲ್ಲಿ ನಿಲ್ಲಿಸಿದರು. ನಿಲ್ಲುವುದನ್ನು ಅವನಿಗೆ ಯಾರೂ ಕಲಿಸಬೇಕಾಗಲಿಲ್ಲ.

ಸಂಜೆ ಅವನು ಮುದುಕನಿಂದ ಆ ಅಂಟುಮೀಸೆಯನ್ನೇ ಮತ್ತೆ ಹಾಕಿಸಿಕೊಂಡು ಮನೆಗೆ ಹೋದ. ದಾರಿಯುದ್ದಕ್ಕೂ ಮಾತಿಲ್ಲ, ತುಟಿ ಅಲುಗಿದರೆ ಅಂಟು ಬಿಟ್ಟೀತೆಂಬ ಭಯ. ಹೆಂಡತಿ ಕಿಟಕಿಯ ಬಳಿ ಕೂತಿದ್ದಳು. ಅವನು ಮುಂದೆ ಬಗ್ಗಿದ. ಅವಳು ಎಂದಿನಂತೆ ಬೆರಳೆತ್ತಿ ಒಂದು ತುದಿಯಿಂದ ಸವರತೊಡಗಿದಳು. "ರೀ, ಬಂ..."

ಮೀಸೆ ಅವಳ ಬೆರಳಿಗೆ ಅಂಟಿಕೊಂಡು ಕಿತ್ತುಬಂತು.

ಅವಳು ಅದನ್ನೊಮ್ಮೆ, ಅವನ ಬೋಳು ತುಟಿಯನ್ನೊಮ್ಮೆ ನೋಡಿದಳು. ಆಮೇಲೆ ಕೂಗಿದ ಕೂಗು ಕೆಳಮನೆಗೂ ಕೇಳಿಸಿತು. "ಕಳ್ಳ! ಕಳ್ಳ ಬಂದಿದಾನೆ! ನಮ್ಮನೆಯವರ ಮೀಸೆ ಕದ್ಕೊಂಡು ಬಂದಿದಾನೆ!"

"ಅಕ್ಕಾ, ಭಾವ ಕಣೇ ಅದು!"

"ನಾನೇ ಕಣೇ," ಎಂದ ಮಂತ್ರಿ. ಜೀವಮಾನವೆಲ್ಲ ಸಾವಿರ ಜನಕ್ಕೆ ಕೇಳುವಂತೆ ಮಾತಾಡಿದ ಗಂಟಲು ಅದು. ಕೈಯಳತೆಯ ದೂರದಲ್ಲಿದ್ದವಳಿಗೆ ಕೇಳಿಸಲಿಲ್ಲ.

ಬೋರ್ಡು ಎದ್ದಿತು. ಸಿಂಹಾಸನದ ಮೇಲೆ ಡ್ರೈವರ್, ಮೀಸೆಯೇ ಒಂದು ಬಾಗಿಲಷ್ಟು ಅಗಲ. ಪಕ್ಕದಲ್ಲಿ ಮಸುಕಾಗಿ ಈಟಿ ಹಿಡಿದ ಒಬ್ಬ. ಕೆಳಗೆ ಬರೆದಿತ್ತು: ಒಳಗಿದ್ದದ್ದು ಒಳಗೇ. ಹೆಂಡತಿ ಅದನ್ನು ಕಂಡ ದಿನ ಅವಳ ಮುಖಕ್ಕೆ ಬಂದ ಬೆಳಕನ್ನು ಮಂತ್ರಿ ಬಾಗಿಲ ಸಂದಿನಿಂದ ನೋಡಿದ.

"ನೋಡಿದ್ರಾ, ನಮ್ಮನೆಯವರು ಕೊನೆಗೂ ರಾಜ ಆದ್ರು!"

"ಪಕ್ಕದಲ್ಲಿ ನಿಂತಿರೋದು ಯಾರಮ್ಮ?" ಎಂದು ಕೇಳಿದ, ತಡೆಯಲಾರದೆ.

"ಯಾರೋ ಆಳು." ಆಮೇಲೆ ಕಿಟಕಿಯ ಆಚೆಗೆ, ಮೆತ್ತಗೆ, "ರೀ, ಹೊತ್ತಾಯ್ತು, ಊಟಕ್ಕೆ ಬನ್ನಿ."

ಅವನ ಮೀಸೆ ಮತ್ತೆ ಬೆಳೆಯಿತು, ಮೊದಲಿನಷ್ಟೇ ದಟ್ಟವಾಗಿ. ಒಂದು ಬೆಳಿಗ್ಗೆ ಅವಳ ಮುಂದೆ ಕೂತು ಅವಳ ಕೈ ಹಿಡಿದು ಅದರ ಮೇಲಿಟ್ಟ. ಅವಳು ಸವರಲಿಲ್ಲ, ಹಿಡಿದು ಜಗ್ಗಿದಳು. ಇನ್ನೊಮ್ಮೆ, ಕಣ್ಣಲ್ಲಿ ನೀರು ಬರುವಂತೆ ಜಗ್ಗಿ, ತಂಗಿಯ ಕಡೆ ತಿರುಗಿ ಹೇಳಿದಳು, "ಈ ಸಲ ಗಟ್ಟಿ ಅಂಟು ಹಾಕಿದಾನೆ."

ಅಂದಿನಿಂದ ಮಂತ್ರಿ ಪ್ರಯತ್ನ ಬಿಟ್ಟ. ಅವಳಿಗೆ ತಟ್ಟೆ ಇಡುವನು, ತಲೆ ಬಾಚುವನು, ಕಿಟಕಿಯ ಪರದೆ ಸರಿಸುವನು. ಅವಳು ಅವನನ್ನು ಮನೆಗೆಲಸದವನೆಂದು ಒಪ್ಪಿಕೊಂಡಳು, ಗದರಿಸುತ್ತಲೂ ಇರಲಿಲ್ಲ.

ಕೆಲವು ತಿಂಗಳ ಮೇಲೆ ಆಳುಗಳು ಹತ್ತಿ ಬೋರ್ಡನ್ನು ಮೇಲಿನಿಂದ ಹರಿದರು. ಮೊದಲು ಕಿರೀಟ, ಆಮೇಲೆ ಕಣ್ಣು, ಆಮೇಲೆ ಮೀಸೆ. ಅವಳು ನೋಡುತ್ತ ಕೂತಿದ್ದಳು. ಅವಳು ಅತ್ತದ್ದು ಕೂಗಿ ಅಲ್ಲ. ಮಗು ನಿದ್ದೆಯಲ್ಲಿ ಬಿಕ್ಕುವ ಹಾಗೆ. ಮಂತ್ರಿ ಪಕ್ಕದಲ್ಲಿ ನಿಂತಿದ್ದ, ನಿಂತೇ ಅಭ್ಯಾಸವಾದವನು.

"ಹೋಗ್ಬಿಟ್ರು ನಮ್ಮನೆಯವರು," ಎಂದಳು.

"ಬರ್ತಾರಮ್ಮ," ಎಂದ ಅವಳ ಗಂಡ. "ನಾಟಕ ಮುಗೀಲಿ, ಬರ್ತಾರೆ."

ಬಣ್ಣದ ಮುದುಕ ಇಷ್ಟಕ್ಕೆ ನಿಲ್ಲಿಸಿದ. ಮೇಲಿನ ಮಹಡಿಯಲ್ಲಿ ದೀಪ ಹೊತ್ತಿತು. ಯಾರೂ ತಲೆ ಎತ್ತಿ ನೋಡಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು, ಬಟ್ಟೆ ಕೊಡವಿಕೊಂಡು, ಮೀಸೆಯಿದ್ದವರು ಅದನ್ನು ಮುಟ್ಟದಂತೆ ಕೈ ಕೆಳಗಿಟ್ಟುಕೊಂಡು, ತಮ್ಮ ತಮ್ಮ ಮನೆಗೆ ಹೋದರು.