ಅದು ಹಾಲುಹಲ್ಲಲ್ಲ

ಸಂತೆಬಾಚಹಳ್ಳಿ ಪಕ್ಕದ ಊರಿನ ಸ್ನೇಹ ಮೂರನೇ ಕ್ಲಾಸು. ಅಜ್ಜಿಯ ಕೆಮ್ಮಿನಿಂದ ಹಿಡಿದು ಕೆ.ಆರ್.ಪೇಟೆ ಬಸ್ಸಿನ ಹಾರನ್ನಿನ ತನಕ ಎಲ್ಲವನ್ನೂ ಬಾಯಲ್ಲೇ ಹೊರಡಿಸುತ್ತಿದ್ದಳು. "ಫ್ಯಾಟು ಕಮ್ಮಿ ಕಣಮ್ಮೋ" ಎಂದು ಅವಳು ಡೈರಿಯವನ ದನಿಯಲ್ಲಿ ಕೂಗಿದರೆ ಹಾಲು ತಂದವರು ಗಾಬರಿಯಾಗುತ್ತಿದ್ದರು.

ಒಂದು ಸಂಜೆ ಎದುರು ಮನೆಯ ಟೀಚರ್ ಪ್ರಮೀಳಾ ಬಂದರು.

"ಅಜ್ಜಿ, ಸ್ನೇಹನ ದವಡೆ ಹಲ್ಲು ಹುಳುಕಾಗದೆ. ನಾಳೆ ಸ್ಕೂಲಿಗೆ ಹಲ್ಲಿನ ವ್ಯಾನು ಬತ್ತದೆ. ಪುಕ್ಕಟೆ ತುಂಬುಸ್ತಾರೆ, ತಪ್ಪದೆ ಕಳ್ಸಿ."

ಅಜ್ಜಿ ಪುಟ್ಟತಾಯಮ್ಮ ನಕ್ಕರು. "ಹಾಲಲ್ಲು ಕಣ್ ಮೇಡಮ್ಮು, ತಾನೇ ಬಿದ್ದೋಯ್ತದೆ. ಬೀಳೋ ಗೋಡೆಗೆ ಯಾರಾರ ಸುಣ್ಣ ಬಳೀತಾರಾ?"

"ಇದು ಬೀಳೋ ಹಲ್ಲಲ್ಲ ಅಜ್ಜಿ. ಆರು ವರ್ಷಕ್ಕೆ ಹಾಲಲ್ಲಿನ ಹಿಂದೆ ಹೊಸದಾಗಿ ಹುಟ್ಟೋದು. ಯಾವ ಹಲ್ಲೂ ಬೀಳ್ದೆ ಬತ್ತದಲ್ಲ, ಅದ್ಕೇ ನಮ್ಗೆ ಗೊತ್ತೇ ಆಗಲ್ಲ."

"ಮೂರು ಮಕ್ಳ ಸಾಕಿವ್ನಿ, ನಂಗೇ ಹಲ್ಲು ತೋರುಸ್ತೀರಾ?"

ಮರುದಿನ ಅಜ್ಜಿ ಮೊಮ್ಮಗಳನ್ನು ಹೊಲಕ್ಕೆ ಕರೆದುಕೊಂಡು ಹೋದರು. ವ್ಯಾನು ಬಂತು, ಹೋಯಿತು.

ಮಳೆಗಾಲದಲ್ಲಿ ನೋವು ಶುರುವಾಯಿತು. ಅಜ್ಜಿ ಹಲ್ಲಿಗೆ ಹೊಗೆಸೊಪ್ಪಿನ ಕಡ್ಡಿಪುಡಿ ಒತ್ತಿದರು. ಕೆನ್ನೆ ಊದಿತು. ಉಪ್ಪಿನ ಗಂಟು ಬಿಸಿ ಮಾಡಿ ಕಾವು ಕೊಟ್ಟರು. ಬೆಳಗಾಗುವಷ್ಟರಲ್ಲಿ ಒಂದು ಕಣ್ಣು ಮುಚ್ಚಿಹೋಗಿತ್ತು. ಬಾಯಿ ತೆರೆಯಲು ಆಗುತ್ತಿರಲಿಲ್ಲ. ಅಷ್ಟು ಮಾತಿನ ಹುಡುಗಿ ಬರೀ ನರಳುತ್ತಿದ್ದಳು.

"ಕಾವು ಕೊಡ್ಬೇಡಿ ಅಜ್ಜಿ, ಊತ ಹರಡ್ತದೆ! ಲೋಕೇಶ್, ನಡೀರಿ ಆಸ್ಪತ್ರೆಗೆ," ಎಂದರು ಓಡಿಬಂದ ಪ್ರಮೀಳಾ. ಸ್ನೇಹಳ ಅಪ್ಪ ಬೈಕು ತೆಗೆದ.

ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಅಪರ್ಣ ಕೀವು ತೆಗೆದರು, ಔಷಧಿ ಕೊಟ್ಟರು. ಊತ ಇಳಿದ ಮೇಲೆ ಹೇಳಿದರು: "ಆಗ್ಲೇ ಬಂದಿದ್ರೆ ತುಂಬಿಸ್ಬೋದಿತ್ತು ಅಜ್ಜಿ. ಈಗ ಕೀಳ್ಲೇಬೇಕು."

ಕಿತ್ತ ಹಲ್ಲನ್ನು ಅಜ್ಜಿ ಕಾಗದದಲ್ಲಿ ಸುತ್ತಿ ಮನೆಗೆ ತಂದರು. ಕೊಟ್ಟಿಗೆಯಿಂದ ಸಗಣಿ ತಂದು ಉಂಡೆ ಕಟ್ಟಿ, ಹಲ್ಲನ್ನು ಅದರೊಳಗಿಟ್ಟರು. ಮನೆ ಮೇಲೆ ಎಸೆದರೆ ಹೊಸ ಹಲ್ಲು ಬರುತ್ತದೆ ಎಂದು ಎಲ್ಲ ಮಕ್ಕಳಿಗೂ ಮಾಡಿದಂತೆಯೇ.

"ಎಸೀಬ್ಯಾಡ ಕಣಜ್ಜಿ," ಎಂದಳು ಸ್ನೇಹ. "ಇದು ಇನ್ ಬರಕಿಲ್ವಂತೆ."

ಎತ್ತಿದ ಕೈ ಹಾಗೇ ನಿಂತಿತು. ಅಜ್ಜಿ ಉಂಡೆ ಹಿಡಿದುಕೊಂಡೇ ಜಗುಲಿ ಮೇಲೆ ಕೂತರು.

"ಲೇ ಲೋಕೇಶ," ಎಂದರು, "ಸ್ನೇಹನ ತಂಗಿಗೂ ಆರು ತುಂಬ್ತಲ್ಲ. ಆ ವ್ಯಾನು ನಾಗಮಂಗ್ಲದಾಗಿರ್ಲಿ, ಪಾಂಡವಪುರದಾಗಿರ್ಲಿ, ಎಲ್ಲದೆ ಅಂತ ಕೇಳ್ಲಾ. ನಾನೇ ಕರ್ಕಂಡೋಯ್ತೀನಿ."

ಅಮ್ಮಂದಿರೇ, ಅಜ್ಜಿಯರೇ, ಮನೆಯಲ್ಲಿ ಆರು ದಾಟಿದ ಮಗುವಿದೆಯೇ? ಬೆಳಕಿಗೆ ನಿಲ್ಲಿಸಿ, ಬಾಯಿ ತೆರೆಸಿ ಕೊನೆಯ ಹಲ್ಲನ್ನು ನೋಡಿ. ಕಪ್ಪು ಚುಕ್ಕೆ ಕಂಡರೆ ನೋವು ಬರುವ ತನಕ ಕಾಯಬೇಡಿ. ಕಡ್ಡಿಪುಡಿ ಬೇಡ, ಊದಿದ ಕೆನ್ನೆಗೆ ಕಾವು ಬೇಡ. ರಾತ್ರಿ ಊಟವಾದ ಮೇಲೆ ಹಲ್ಲುಜ್ಜಿಸಿ ಮಲಗಿಸಿ. ಶಾಲೆಗೆ ಹಲ್ಲಿನ ಡಾಕ್ಟರು ಬರುವ ದಿನ ಮಗುವನ್ನು ಯಾವ ಕೆಲಸಕ್ಕೂ ನಿಲ್ಲಿಸಿಕೊಳ್ಳಬೇಡಿ. ಆ ಹಲ್ಲು ಹುಟ್ಟುವುದು ಒಂದೇ ಸಲ.