ದಂಡಿಗೆಯೊಳಗಿನ ಇಬ್ಬರು

ರಂಜನಾಳ ಕಣ್ಣು ತಪ್ಪಿಸಿ ಒಂದು ಸೊನ್ನೆಯೂ ಹೋಗಲಾರದು ಎನ್ನುವುದು ಸಾಗರದಲ್ಲಿ ಅವಳನ್ನು ಬಲ್ಲವರ ಮಾತು. ಕೋರ್ಟಿನ ಎದುರು ಸಾಲಿನಲ್ಲಿ ಅವಳದೊಂದು ಡಿಟಿಪಿ ಅಂಗಡಿ. ಜೆರಾಕ್ಸು, ಅರ್ಜಿ ಟೈಪಿಂಗು, ಲ್ಯಾಮಿನೇಷನ್ನು. ಗಿರಾಕಿಯಿಲ್ಲದ ಹೊತ್ತಿನಲ್ಲಿ ಅವಳು ಯೂಟ್ಯೂಬಿನವಳು. 'ಬೂದಿಗಾಲ' ಧಾರಾವಾಹಿಯಲ್ಲಿ ಯಾರ ಕಣ್ಣಿಗೂ ಬೀಳದ ಸಂಗತಿಗಳನ್ನು ಹೆಕ್ಕಿ ತೋರಿಸುವ ಚಾನೆಲ್ಲು ಅವಳದು.

'ಬೂದಿಗಾಲ' ಮೊದಲು ಕಂಪ್ಯೂಟರ್ ಆಟವಾಗಿತ್ತು. ಆಕಾಶದಿಂದ ಬೂದಿ ಸುರಿದು ಲೋಕವೇ ಮುಗಿದ ಮೇಲೆ, ಉಳಿದ ನಾಲ್ಕು ಜನ ನೀರು ಬೆಂಕಿಪೊಟ್ಟಣ ಹುಡುಕುತ್ತ ಪಾಳುಮನೆಗಳಲ್ಲಿ ಅಲೆಯುವ ಆಟ. ರಂಜನಾ ಅದನ್ನು ಮೂರು ಸಲ ಆಡಿ ಮುಗಿಸಿದ್ದಳು. ಅದೇ ಆಟ ಧಾರಾವಾಹಿಯಾಗಿ ಬಂದಾಗ ಅವಳಿಗೆ ಹಬ್ಬ. ಮೊದಲ ಕಂತಿನ ಗೋಡೆ ಗಡಿಯಾರ ನಾಲ್ಕೂ ಹತ್ತಕ್ಕೆ ನಿಂತಿದೆ, ಆಟ ಶುರುವಾಗುವುದೂ ಅದೇ ಹೊತ್ತಿಗೆ. ತುಕ್ಕು ಹಿಡಿದ ಬಸ್ಸಿನ ನಂಬರು ಆಟದ ಮೊದಲನೇ ಬೀಗದ ನಂಬರು. ಇಂಥವನ್ನು ಹುಡುಕಿ, ಚಿತ್ರ ನಿಲ್ಲಿಸಿ, ಕೆಂಪು ಬಾಣ ಹಾಕಿ ತೋರಿಸುವುದರಲ್ಲಿ ಅವಳಿಗೆ ಊಟ ತಿಂಡಿ ಮರೆತುಹೋಗುತ್ತಿತ್ತು. ನೋಡುವವರೂ ಸಾವಿರಗಟ್ಟಲೆ ಇದ್ದರು. ಕೆಲಸವಿಲ್ಲದವರು ಎನ್ನಬಹುದು, ಆದರೆ ಯಾರೋ ಬಚ್ಚಿಟ್ಟದ್ದನ್ನು ಕಂಡುಹಿಡಿಯುವ ಚಪಲ ಯಾರಿಗಿಲ್ಲ ಹೇಳಿ.

ನಾಲ್ಕನೇ ಕಂತಿನಲ್ಲಿ ನಾಯಕಿ ಒಂದು ಪಾಳುಮನೆಗೆ ಹೋಗುತ್ತಾಳೆ. ಅದರ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳ ಹಸೆ ಚಿತ್ತಾರ. ಮದುವೆಮನೆಯಲ್ಲಿ ದೀವರ ಹೆಂಗಸರು ಪುಂಡಿನಾರಿನ ಕುಂಚ ಹಿಡಿದು ಬರೆಯುತ್ತಾರಲ್ಲ, ಅದೇ. ನಡುವೆ ದಂಡಿಗೆ, ಅಂದರೆ ಪಲ್ಲಕ್ಕಿ, ಅದರೊಳಗೆ ಮದುಮಕ್ಕಳಿಬ್ಬರು. ಆಟದಲ್ಲೂ ದಂಡಿಗೆಯಲ್ಲಿ ಕೂತು ಬರುವ ಎರಡು ದೆವ್ವಗಳಿವೆ. ರಂಜನಾ ಕುರ್ಚಿಯಿಂದ ಎದ್ದೇಬಿಟ್ಟಳು. ಚಿತ್ರವನ್ನು ಹಿಗ್ಗಿಸಿ ಅರ್ಧ ದಿನ ನೋಡಿ ವೀಡಿಯೊ ಮಾಡಿದಳು. "ಚಿತ್ತಾರದ ಎಳೆಗಳೆಲ್ಲ ಕೂದಲೆಳೆಯಷ್ಟು ಸಣ್ಣ. ಈ ಇಬ್ಬರು ಮಾತ್ರ ದಪ್ಪ, ವಕ್ರ. ಬರೆದ ಕೈಯೇ ಬೇರೆ. ಅಂದರೆ ಇವರು ಹೊರಗಿನಿಂದ ಬಂದು ಕೂತವರು, ನಮ್ಮ ಆಟದ ದೆವ್ವಗಳು. ದೆವ್ವ ಗೀಚಿದ ಹಾಗೇ ಇದೆಯಲ್ಲ," ಎಂದು ನಕ್ಕಿದ್ದಳು. ಅವಳ ವೀಡಿಯೊಗಳಲ್ಲೇ ಅತಿ ಹೆಚ್ಚು ಜನ ನೋಡಿದ್ದು ಇದನ್ನೇ.

ಹತ್ತು ದಿನ ಕಳೆದು, ಒಂದು ಮಂಗಳವಾರ ಮಧ್ಯಾಹ್ನ, ಐವತ್ತರ ಹತ್ತಿರದ ಹೆಂಗಸೊಬ್ಬರು ಅಂಗಡಿಯ ಮೆಟ್ಟಿಲ ಮೇಲೆ ನಿಂತರು. ಮೈಮೇಲೆ ಅಂಗನವಾಡಿ ಸಹಾಯಕಿಯರ ಸೀರೆ. ಕೈಯಲ್ಲಿ ಅರ್ಜಿ ಕಾಗದವೇನೂ ಇರಲಿಲ್ಲ.

"ಗೋಡೆ ಬಗ್ಗೆ ಮಾತಾಡಿದ್ದು ನೀವೇ ಅಲ್ದಾ ಮೇಡಂ?"

"ಯಾವ ಗೋಡೆ?"

"ಟೀವಿಲಿ ಬಂತಲ್ಲ, ಹಸೆಗೋಡೆ. ಅದು ನಮ್ಮನೇದು. ಹುಂಚದ ರಸ್ತೇಲಿ, ಹೊಸನಗರ ದಾಟಿ. ನಾನು ಬಂಗಾರಮ್ಮ ಅಂತ."

ಸೆಟ್ ಹಾಕಿರುತ್ತಾರೆ ಎಂದುಕೊಂಡಿದ್ದ ರಂಜನಾಗೆ ಖುಷಿಯೇ ಆಯಿತು. ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟಳು. ಬಂಗಾರಮ್ಮ ನೀರು ಮುಟ್ಟಲಿಲ್ಲ.

"ಆ ಇಬ್ರನ್ನ ಅಲ್ಲಿಂದ ತೆಗೀಬೇಕಿತ್ತು. ನಿಮ್ಮ ಧಾರಾವಾಹಿಯಿಂದ. ಅದನ್ನ ಕೇಳನ ಅಂತ ಬಂದೆ."

"ಧಾರಾವಾಹಿ ನನ್ನದಲ್ಲ ಅಕ್ಕ. ನಾನು ನೋಡಿ ಹೇಳೋಳು ಅಷ್ಟೇ."

ಬಂಗಾರಮ್ಮ ಎರಡು ಬಸ್ಸು ಬದಲಿಸಿ ಬಂದಿದ್ದರು. ಅವರ ಮುಖ ಸಪ್ಪಗಾಯಿತು. ಎದ್ದು ಹೊರಟವರನ್ನು ರಂಜನಾಳೇ ತಡೆದು ಕೇಳಿದಳು, ಯಾಕೆ ತೆಗೆಯಬೇಕು ಎಂದು.

"ಆ ಇಬ್ರನ್ನ ಗೀಚಿದ ದೆವ್ವ ನಾನೇ," ಎಂದರು ಬಂಗಾರಮ್ಮ.

ಉಳಿದ ಗೋಡೆಯೆಲ್ಲ ಅವರ ಮಗಳು ಭಾವನಾಳದು. ಊರಿನಲ್ಲಿ ಯಾರ ಮದುವೆಯಾದರೂ ಹಸೆ ಬರೆಯಲು ಅವಳನ್ನೇ ಕರೆಯುತ್ತಿದ್ದರು. ಮೂರು ವರ್ಷದ ಹಿಂದೆ ಅವಳದೇ ಮದುವೆ ಕೂಡಿಬಂತು. ಗಂಡು ಕಾಂತರಾಜ್, ಸಾಗರದ ಕಡೆಯವನು. ಅಪ್ಪ ಪುಟ್ಟಪ್ಪನೇ ನೋಡಿ ಗೊತ್ತುಮಾಡಿದ್ದು. ತನ್ನ ಹಸೆಯನ್ನು ತಾನೇ ಬರೆಯುತ್ತೇನೆಂದು ಭಾವನಾ ಆರು ದಿನ ಗೋಡೆಯೆದುರು ಕೂತಳು. ಎಲ್ಲ ಬರೆದಳು, ದಂಡಿಗೆಯೊಳಗೆ ಮಾತ್ರ ಯಾರನ್ನೂ ಕೂರಿಸಲಿಲ್ಲ.

"ಮರ್ತಿದಾಳೆ ಅಂದ್ಕಂಡು ನಾನು ಬರ್ದೆ. ನಂಗೆ ಕೈ ಬರಲ್ಲ. ಆದ್ರೂ ಬರ್ದೆ. ಖಾಲಿ ದಂಡಿಗೆ ನೋಡಿದ್ರೆ ಬಂದ ನೆಂಟ್ರು ಎಂತ ಅಂತಾರೆ? ಅವ್ಳು ಒಳಗೆ ಬಂದ್ಳು, ನೋಡಿದ್ಳು, ಎಂತದೂ ಅನ್ನಲಿಲ್ಲ. ಮಾರನೇ ದಿನ ಪೇಟೆಗೆ ಹೋಗ್ತೀನಿ ಅಂತ ಹೋದವ್ಳು ಬರಲೇ ಇಲ್ಲ."

ಆಮೇಲೆ ಬಂದದ್ದು ಒಂದೇ ಒಂದು ಮೆಸೇಜು. ಚೆನ್ನಾಗಿದ್ದೀನಿ, ಹುಡುಕಬೇಡಿ. ಆ ನಂಬರಿಗೆ ಮತ್ತೆ ಫೋನು ಹೋಗಲಿಲ್ಲ. ಪುಟ್ಟಪ್ಪ ಹಳೇಮನೆಗೆ ಬೀಗ ಜಡಿದು ರಸ್ತೆಬದಿಯ ಹೊಸಮನೆಗೆ ಬಂದ. ಶೂಟಿಂಗಿನವರು ಬಂದು ಪಾಳುಬಿದ್ದ ಮನೆ ಬೇಕು ಎಂದಾಗ ಕೊಡೋಣ ಎಂದು ಹಟ ಹಿಡಿದವರು ಬಂಗಾರಮ್ಮನೇ. ಟೀವಿಯಲ್ಲಿ ಮನೆ ಕಂಡರೆ ಎಲ್ಲಿದ್ದರೂ ಭಾವನಾ ನೋಡುತ್ತಾಳೆ ಎಂಬ ಆಸೆ.

"ನಮ್ಮ ಟೀಚರು ಮೊಬೈಲಲ್ಲಿ ನಿಮ್ಮ ವೀಡಿಯೊ ತೋರ್ಸಿದ್ರು, ನಿಮ್ಮ ಅಂಗಡಿ ಎಲ್ಲಿ ಅಂತಾನೂ ಅವ್ರೇ ಹೇಳಿದ್ರು. ಆಗ ನಂಗೆ ತಲೆಗೆ ಹೋಯ್ತು ನೋಡಿ. ಅವ್ಳು ನೋಡಿದ್ರೆ ಕಾಣೋದು ಮನೆಯಲ್ಲ, ಆ ಇಬ್ರು. ಇಷ್ಟು ವರ್ಷ ಆದ್ಮೇಲೂ ಅವ್ವ ಅಲ್ಲೇ ಕೂರ್ಸಿಟ್ಟಿದಾಳೆ ಅಂದ್ಕತಾಳೆ."

ರಂಜನಾಗೆ ವೀಡಿಯೊದಲ್ಲಿ ತಾನು ನಕ್ಕದ್ದು ನೆನಪಾಯಿತು. ಅಳುವುದೂ ತಪ್ಪು, ಸಮಾಧಾನ ಹೇಳುವುದೂ ತಪ್ಪು ಎನ್ನಿಸಿತು. ಕೊನೆಗೆ ಅವಳಿಗೆ ಬರುತ್ತಿದ್ದ ಒಂದೇ ಕೆಲಸಕ್ಕೆ ಕೈ ಹಾಕಿದಳು, ಪರದೆಯ ಮೇಲೆ ಆ ಚಿತ್ರ ತೆರೆದು ಹಿಗ್ಗಿಸಿದಳು. "ಅಕ್ಕ, ಮರೆತದ್ದೇ ಇರಬಹುದಲ್ಲ? ಸುಸ್ತಾಗಿ ಅರ್ಧಕ್ಕೆ ಬಿಟ್ಟಿರಬಹುದು."

ಬಂಗಾರಮ್ಮ ಬೆರಳಿನಿಂದ ಪರದೆ ತೋರಿಸಿದರು. ದಂಡಿಗೆಯ ಒಳಗೆ ಸುತ್ತಲೂ ಒಂದು ಸಣ್ಣ ಬಿಳಿ ಎಳೆ. ಆ ಇಬ್ಬರ ಕಾಲುಗಳು ಅದರ ಮೇಲೆಯೇ ಹಾದಿದ್ದವು.

"ನಮ್ಮನೇಲಿ ಮದುಮಕ್ಕಳನ್ನ ಕೂರ್ಸಿದ ಮೇಲೇ ಒಳಗಿನ ಎಳೆ ಮುಚ್ಚೋದು. ಅವ್ಳು ಖಾಲಿ ಇಟ್ಟೇ ಮುಚ್ಚಿದ್ಳು. ಅವತ್ತೇ ನೋಡಿದ್ದೆ, ತಂಗಿ. ನೋಡಿಯೂ ಬರ್ದೆ."

ಎರಡನೇ ಭಾಗದ ಶೂಟಿಂಗಿಗೆ ತಂಡ ಮತ್ತೆ ಬರುವುದಕ್ಕೆ ಹದಿನೈದು ದಿನವಿತ್ತು. ಅಲ್ಲಿಯವರೆಗೆ ಗೋಡೆ ಮುಟ್ಟಕೂಡದೆಂದು ಪುಟ್ಟಪ್ಪ ಸಹಿ ಹಾಕಿದ್ದ. ಮುಂದಿನ ಭಾನುವಾರ ರಂಜನಾ ಹೊಸನಗರದ ಬಸ್ಸು ಹತ್ತಿದಳು. ಯಾಕೆ ಹೋಗುತ್ತಿದ್ದೇನೆ ಎಂದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಮಾಡಿದ್ದಕ್ಕೆ ಹೋಗಿ ನಿಲ್ಲಬೇಕು ಎನ್ನಿಸಿತ್ತು, ಅಷ್ಟೇ.

ಹಳೇಮನೆಯ ಬಾಗಿಲ ಚೌಕಟ್ಟಿನ ಮೇಲೆ ಯಾರೋ ಆಟದ ಗುರುತುಗಳನ್ನು ಮೊಳೆಯಿಂದ ಕೊರೆದು ಹೋಗಿದ್ದರು. ವೀಡಿಯೊ ನೋಡಿ ಬಂದವರು. ರಂಜನಾ ಬೆರಳಿನಿಂದ ಉಜ್ಜಿ ನೋಡಿದಳು, ಹೋಗಲಿಲ್ಲ. ಬಂಗಾರಮ್ಮ ಅದರತ್ತ ತಿರುಗಿಯೂ ನೋಡಲಿಲ್ಲ. ಬೋಗುಣಿಯಲ್ಲಿ ನೀರು, ಒಂದು ಹಳೆಯ ಪಂಚೆಯ ತುಂಡು, ಇನ್ನೊಂದರಲ್ಲಿ ಕಲಸಿದ ಕೆಮ್ಮಣ್ಣು ಇಟ್ಟುಕೊಂಡು ಗೋಡೆಯೆದುರು ಕೂತರು. ಒದ್ದೆ ಬಟ್ಟೆಯನ್ನು ಬೆರಳ ತುದಿಗೆ ಸುತ್ತಿ ಗಂಡಿನ ತಲೆಯಿಂದ ಶುರುಮಾಡಿದರು. ಮಗಳ ಎಳೆ ಅಳಿಯದ ಹಾಗೆ ಒಂದೊಂದೇ ಚೂರು ಬಿಡಿಸುತ್ತಿದ್ದರು.

ಬಾಗಿಲಲ್ಲಿ ನೆರಳು ಬಿತ್ತು. ಲಗೇಜ್ ಆಟೊ ನಿಲ್ಲಿಸಿ ಪುಟ್ಟಪ್ಪ ಬಂದಿದ್ದ.

"ಎಂತ ಮಾಡ್ತಿದೀಯ? ಗೋಡೆ ಮುಟ್ಟಂಗಿಲ್ಲ ಅಂತ ಕಾಗದದಲ್ಲಿ ಬರ್ದಿದೆ."

"ಅವತ್ತೇ ಮುಟ್ಟಬಾರ್ದಿತ್ತು," ಎಂದರು ಬಂಗಾರಮ್ಮ, ಕೈ ನಿಲ್ಲಿಸದೆ.

ಪುಟ್ಟಪ್ಪ ಬೋಗುಣಿಯ ಕೆಮ್ಮಣ್ಣನ್ನು ನೋಡಿದ. ರಂಜನಾಳತ್ತ ಒಂದು ಸಲ ನೋಡಿ ಹೊರಗೆ ಹೋದ. ಆಟೊ ಹೊರಟ ಸದ್ದು ಮಾತ್ರ ಬಹಳ ಹೊತ್ತು ಬರಲಿಲ್ಲ. ಬಂಗಾರಮ್ಮ ಹೆಣ್ಣಿನ ಕಾಲುಗಳನ್ನು ಒರೆಸಿ, ಮಸುಕಾದ ಕಡೆ ಕೆಮ್ಮಣ್ಣು ಹಚ್ಚಿ ಮುಗಿಸಿದರು. ದಂಡಿಗೆ ಖಾಲಿಯಾಯಿತು.

"ಟೀವಿಲಿ ಬಂದ ಮೇಲೆ ಇದನ್ನ ನೀವು ತೋರ್ಸಿ, ತಂಗಿ. ನಿಮ್ಮದನ್ನ ಭಾಳ ಜನ ನೋಡ್ತಾರೆ. ಆದ್ರೆ ಎಂತ ಆಯ್ತು ಅಂತ ಹೇಳಬ್ಯಾಡಿ."

ಶೂಟಿಂಗಿನವರು ಬಂದು ಕೂಗಾಡಿದರಂತೆ. ಬೇರೆಯವರಿಂದ ಬರೆಸೋಣ ಎಂದರಂತೆ. ಬಂಗಾರಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತರು, ಪುಟ್ಟಪ್ಪ ಅವರ ಪಕ್ಕದಲ್ಲಿ ಬಂದು ನಿಂತ. ಕೊನೆಗೆ ಖಾಲಿ ದಂಡಿಗೆಯನ್ನೇ ಕ್ಯಾಮರಾದಲ್ಲಿ ಹಿಡಿದುಕೊಂಡು ಹೋದರು.

ಎಂಟು ತಿಂಗಳಾದ ಮೇಲೆ ಎರಡನೇ ಭಾಗ ಬಂತು. ರಂಜನಾ ಮೊದಲು ಹಳೆಯ ವೀಡಿಯೊ ತೆಗೆದುಹಾಕಿದಳು. ಅದರ ಜೊತೆ ಎಷ್ಟು ನೋಡುಗರು ಹೋದರು ಎಂಬ ಲೆಕ್ಕ ನೋಡಲಿಲ್ಲ. ಆಮೇಲೆ ಖಾಲಿ ದಂಡಿಗೆಯ ಚಿತ್ರವೊಂದನ್ನೇ, ಬಾಣವಿಲ್ಲದೆ, ಮಾತಿಲ್ಲದೆ ಹಾಕಿದಳು. ಕೆಳಗೆ ಜನ ಮುಗಿಬಿದ್ದರು. ಮದುಮಕ್ಕಳು ಬೂದಿಯಾದರು ಎಂದರು. ಆಟದ ಮೂರನೇ ಅಂತ್ಯದ ಸುಳಿವು ಎಂದರು. ಕಲಾವಿಭಾಗದವರ ಎಡವಟ್ಟು ಎಂದರು. ರಂಜನಾ ಬೆಳಿಗ್ಗೆ ಅಂಗಡಿ ತೆರೆದೊಡನೆ ಎಲ್ಲವನ್ನೂ ಓದುತ್ತಿದ್ದಳು. ವಾರಕ್ಕೊಮ್ಮೆ ಬಂಗಾರಮ್ಮನ ಫೋನು ಬರುತ್ತಿತ್ತು, ಅವರು ಕೇಳುವ ಮೊದಲೇ ಇವಳು "ಇಲ್ಲ ಅಕ್ಕ" ಎನ್ನುತ್ತಿದ್ದಳು.

ಹತ್ತೊಂಬತ್ತನೇ ದಿನ ಒಂದು ಸಾಲು ಬಂತು. "ಅವ್ವ ಒರ್ಸಿದ್ದಾ?"

ರಂಜನಾ ಅದನ್ನು ಇನ್ನೊಮ್ಮೆ ಓದಿದಳು. ಆ ಇಬ್ಬರನ್ನು ಬರೆದದ್ದು ಅವ್ವ ಎಂದು ಆ ಮನೆಯವರನ್ನೂ ತನ್ನನ್ನೂ ಬಿಟ್ಟರೆ ಲೋಕದಲ್ಲಿ ಮತ್ತಾರಿಗೂ ಗೊತ್ತಿರಲಿಲ್ಲ. 'ಹೌದು' ಎಂದು ಬರೆದಳು. ಕಾದಳು. ಸಂಜೆಯಾಯಿತು, ಮಾರನೇ ದಿನವಾಯಿತು, ಉತ್ತರವಿಲ್ಲ. ಆ ಖಾತೆಗೆ ಹೆಸರಿರಲಿಲ್ಲ, ಒಂದು ಚಿತ್ರವಿತ್ತು. ಹೋಟೆಲಿನ ಮೇಜು, ಟೀ ಲೋಟ ಹಿಡಿದ ಒಂದು ಕೈ, ಹಿಂದೆ ಕಿಟಕಿಯ ಗಾಜು. ಬೇಡ ಬೇಡವೆಂದರೂ ಅವಳ ಬೆರಳು ಅದನ್ನು ಹಿಗ್ಗಿಸಿತು. ಗಾಜಿನಲ್ಲಿ ಬಸ್ಸಿನ ಬೋರ್ಡು ತಿರುಗುಮುರುಗಾಗಿ ಬಿದ್ದಿತ್ತು, ಅದರಾಚೆ ಅವಳು ಎಷ್ಟೋ ಸಲ ಇಳಿದು ಹತ್ತಿದ್ದ ನಿಲ್ದಾಣದ ಕಂಬಗಳು. ತೀರ್ಥಹಳ್ಳಿ. ಐದು ನಿಮಿಷವೂ ಹಿಡಿಯಲಿಲ್ಲ. ತನ್ನ ಕಣ್ಣಿನ ಬಗ್ಗೆ ಅವಳಿಗೆ ಅಸಹ್ಯವಾಯಿತು.

ಬಂಗಾರಮ್ಮನಿಗೆ ಫೋನು ಮಾಡಿದಾಗ ಹಿಂದೆ ಅಂಗನವಾಡಿಯ ಮಕ್ಕಳ ಗಲಾಟೆ ಕೇಳುತ್ತಿತ್ತು. ರಂಜನಾ ಆ ಸಾಲನ್ನು ಓದಿ ಹೇಳಿದಳು. ಎರಡು ಸಲ ಓದಿಸಿಕೊಂಡರು.

"ನೀವು ಎಂತ ಬರೆದ್ರಿ?"

"ಹೌದು ಅಂತ."

"ಅವ್ಳು?"

"ಮತ್ತೆ ಏನೂ ಬರೆದಿಲ್ಲ." ರಂಜನಾ ಉಸಿರು ತೆಗೆದುಕೊಂಡಳು. "ಅಕ್ಕ, ಅವಳು ಯಾವ ಊರಲ್ಲಿದ್ದಾಳೆ ಅಂತ ನನಗೆ ಗೊತ್ತಾಗಿದೆ."

ಮಕ್ಕಳ ಗಲಾಟೆ ದೂರವಾಯಿತು. ಬಂಗಾರಮ್ಮ ಹೊರಗೆ ನಡೆದು ಬಂದಿರಬೇಕು.

"ಹೇಳಬ್ಯಾಡಿ. ಹೇಳಿದ್ರೆ ನಾನು ಬಸ್ ಹತ್ತಿಬಿಡ್ತೀನಿ. ನನ್ನ ಬುದ್ಧಿ ನಂಗೊತ್ತು. ಅವ್ಳು ಕರೀಲಿ."

"ಆಯ್ತು ಅಕ್ಕ."

"ಇವ್ರಿಗೂ ಹೇಳಬ್ಯಾಡಿ. ಯಾರು ಕೇಳಿದ್ರೂ."

"ಇಲ್ಲ."

ಇಟ್ಟರೇನೋ ಎಂದು ರಂಜನಾ ನೋಡಿದಳು, ಇಟ್ಟಿರಲಿಲ್ಲ.

"ಭಾಳ ದೂರನಾ, ತಂಗಿ?"

ಸುಮ್ಮನಿರಬೇಕಿತ್ತು. ಸುಮ್ಮನಿರಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ಆ ದನಿ ಕೇಳಿ ನಾಲಗೆ ನಿಲ್ಲಲಿಲ್ಲ.

"ಇಲ್ಲ ಅಕ್ಕ. ದೂರ ಅಲ್ಲ."

ಬಂಗಾರಮ್ಮ ಅಳತೊಡಗಿದರು. ಇಷ್ಟು ವರ್ಷ ಎಲ್ಲೋ ಕಾಣದ ದೇಶದಲ್ಲಿದ್ದ ಮಗಳು ಒಂದು ಬಸ್ಸಿನ ದಾರಿಯಲ್ಲಿದ್ದಳು, ಮತ್ತು ಅವರು ಹೋಗುವ ಹಾಗಿರಲಿಲ್ಲ. ರಂಜನಾ ಫೋನು ಕಿವಿಗೆ ಹಿಡಿದುಕೊಂಡೇ, ಆ ಅಳು ಮುಗಿಯುವವರೆಗೂ ಕೂತಿದ್ದಳು.